ನಾನು ಮಾಡಿದರೆ ಹವ್ಯಾಸ, ಕಾಕಾ ಮಾಡಿದರೆ ಕುಲಕಸುಬು

ಹೋದ ವರ್ಷ ಜನವರಿಯಲ್ಲಿ ಬನಹಟ್ಟಿಯ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಒಂದು ಮೇಜು ಮಾಡಿದೆ. ಬೇವಿನ ಮೂರು ಹಲಗೆ, ನಾಲ್ಕು ಕಾಲು, ಅಂಟು, ಒಂದಷ್ಟು ಸ್ಕ್ರೂ. ಕಲಿತದ್ದೆಲ್ಲ ಯೂಟ್ಯೂಬಿನಿಂದ. ಫೋಟೊ ಹಾಕಿದ ಕೂಡಲೇ ಬೆಂಗಳೂರಿನ ಗೆಳೆಯರಿಂದ ಲೈಕುಗಳ ಸುರಿಮಳೆ. ಏಪ್ರಿಲ್‌ನ ಒಂದು ರಾತ್ರಿ ಆ ಕೋಣೆಯಿಂದ ಪಟ್ ಅಂತ ಸದ್ದು ಬಂತು. ಬೆಳಿಗ್ಗೆ ನೋಡಿದರೆ ನಡುವಿನ ಹಲಗೆ ಈ ತುದಿಯಿಂದ ಆ ತುದಿವರೆಗೆ ಸೀಳಿತ್ತು.

ನಮ್ಮ ಓಣಿಯಲ್ಲಿ ಒಬ್ಬರು ಬಡಿಗೇರ ಕಾಕಾ ಇದ್ದಾರೆ. ವಯಸ್ಸು ಎಪ್ಪತ್ತರ ಹತ್ತಿರ. ಮೇಜನ್ನು ತಲೆಕೆಳಗು ಮಾಡಿ ನೋಡಿದವರೇ ನಕ್ಕರು. “ಎಲ್ಲಾ ಕಡೆ ಬಿಗದ ಇಟ್ಟೀಯಲ್ಲೋ ತಮ್ಮಾ. ಕಟ್ಟಿಗಿ ಎಲ್ಲಿ ಸರೀಬೇಕು?”

ನಾನು ಇಂಜಿನಿಯರಿಂಗ್ ಓದಿದವನು. ಸೇತುವೆಗಳಲ್ಲಿ ಕಾಂಕ್ರೀಟ್ ಹಿಗ್ಗಿ ಕುಗ್ಗಲು ಸಂದು ಯಾಕೆ ಬಿಡುತ್ತಾರೆ ಅಂತ ಪರೀಕ್ಷೆಯಲ್ಲಿ ಐದು ಅಂಕಕ್ಕೆ ಬರೆದಿದ್ದೇನೆ. ಆದರೂ ನಾನೇ ಮಾಡಿದ ಮೇಜಿನಲ್ಲಿ ಸಂದು ಬಿಡಬೇಕು ಅಂತ ಹೊಳೆದಿರಲಿಲ್ಲ.

ಕಟ್ಟಿಗೆ ಸರಿಯುತ್ತದೆ

ಮನೆಯಲ್ಲೇ ಮರಗೆಲಸ ಶುರು ಮಾಡುವವರಿಗೆ ಯಂತ್ರ ಕೊಳ್ಳುವ ಮೊದಲು ಗೊತ್ತಿರಬೇಕಾದ ಸಂಗತಿ ಇದೊಂದೇ. ಕಡಿದ ಮೇಲೂ ಕಟ್ಟಿಗೆ ಗಾಳಿಯಲ್ಲಿನ ತೇವವನ್ನು ಹೀರುತ್ತದೆ, ಬಿಡುತ್ತದೆ. ಹಸಿ ಮರದ ತೇವ ಸುಮಾರು ಶೇ 30ಕ್ಕಿಂತ ಕೆಳಗಿಳಿದ ಮೇಲೆ ಅದು ಕುಗ್ಗಲು ಶುರು ಮಾಡುತ್ತದೆ. ಉದ್ದಕ್ಕೆ ಕುಗ್ಗುವುದು ಲೆಕ್ಕಕ್ಕೇ ಇಲ್ಲದಷ್ಟು. ಅಗಲಕ್ಕೆ ಮಾತ್ರ ಚೆನ್ನಾಗಿಯೇ ಕುಗ್ಗುತ್ತದೆ. ಅದರಲ್ಲೂ ಮರದ ವರ್ಷದ ಉಂಗುರಗಳ ಗುಂಟ ಆಗುವ ಕುಗ್ಗುವಿಕೆ, ಉಂಗುರಗಳಿಗೆ ಅಡ್ಡ ಆಗುವುದರ ಸುಮಾರು ಎರಡು ಪಟ್ಟು.

ಲೆಕ್ಕ ಹಾಕಿ ನೋಡಿ. ತೇವ ಶೇ 1ರಷ್ಟು ಇಳಿದರೆ ಅನೇಕ ಜಾತಿಯ ಹಲಗೆಗಳು ಅಗಲದಲ್ಲಿ ಸುಮಾರು ಕಾಲು ಶೇಕಡಾ ಕುಗ್ಗುತ್ತವೆ. ನನ್ನ ಮೇಜಿನ ಅಗಲ 45 ಸೆಂಟಿಮೀಟರ್. ಜನವರಿಯಿಂದ ಏಪ್ರಿಲ್‌ಗೆ ತೇವ ಶೇ 6 ಇಳಿದಿತ್ತು ಅಂತಿಟ್ಟುಕೊಂಡರೆ ಆರೇಳು ಮಿಲಿಮೀಟರ್ ಕುಗ್ಗಲೇಬೇಕು. ನಾನು ಅದನ್ನು ಕೆಳಗಿನ ಚೌಕಟ್ಟಿಗೆ ಅಲುಗಾಡದ ಹಾಗೆ ಸ್ಕ್ರೂ ಹಾಕಿ ಬಿಗಿದಿದ್ದೆ. ಸರಿಯಲು ಜಾಗ ಇಲ್ಲದಿದ್ದಾಗ ಅದು ಸೀಳಿತು.

ಪರಿಹಾರ ಸರಳ. ಒಂದಿಂಚು ದಪ್ಪದ ಹಲಗೆಯನ್ನು ನೆರಳಿನಲ್ಲಿ, ನಡುನಡುವೆ ಪಟ್ಟಿ ಇಟ್ಟು ಗಾಳಿಯಾಡುವಂತೆ ಸುಮಾರು ಒಂದು ವರ್ಷ ಒಣಗಿಸಬೇಕು. ಮೇಜಿನ ಮೇಲ್ಹಲಗೆಗೆ ಸ್ಕ್ರೂ ಹಾಕುವ ತೂತು ದುಂಡಗಿರಬಾರದು, ಅಗಲದ ದಿಕ್ಕಿಗೆ ಉದ್ದುದ್ದ ಇರಬೇಕು, ಆಗ ಹಲಗೆ ಸ್ಕ್ರೂವಿನ ಜೊತೆಯೇ ಜರುಗುತ್ತದೆ. ಇಷ್ಟು ಮಾಡಲು ಬೇಕಾದ ಸಾಮಾನು ಬಹಳವಿಲ್ಲ: ಒಂದು ಗರಗಸ, ಎರಡು ಮೂರು ಅಳತೆಯ ಉಳಿ, ಉಜ್ಜುಗೊರಡು, ಕೊಡತಿ, ಮೂಲೆಮಟ್ಟ, ಉಳಿ ಮಸೆಯುವ ಕಲ್ಲು. ಮೊಂಡ ಉಳಿಗೆ ಜಾಸ್ತಿ ಬಲ ಹಾಕಬೇಕಾಗುತ್ತದೆ, ಜಾರಿದರೆ ಕೈಗೆ ಬರುತ್ತದೆ. ಅದಕ್ಕೇ ಕಾಕಾ ಮೊದಲ ದಿನ ಕಟ್ಟಿಗೆ ಮುಟ್ಟಲು ಬಿಡದೆ ಬರೀ ಮಸೆಯಲು ಹಚ್ಚಿದರು.

ಮಗ್ಗಕ್ಕೆ ಇದು ಮೊದಲೇ ಗೊತ್ತಿತ್ತು

ಬನಹಟ್ಟಿ ನೇಕಾರರ ಊರು. ಹಳೆಯ ಕೈಮಗ್ಗದ ಚೌಕಟ್ಟನ್ನು ಗಮನಿಸಿ ನೋಡಿದ್ದೀರಾ? ಮುಖ್ಯ ಜಾಗಗಳಲ್ಲಿ ಮೊಳೆ ಇರುವುದಿಲ್ಲ. ಒಂದು ಮರದಲ್ಲಿ ಚೌಕ ತೂತು, ಇನ್ನೊಂದರಲ್ಲಿ ಅದಕ್ಕೆ ಹೊಂದುವ ನಾಲಗೆ, ಮೇಲೊಂದು ಬೆಣೆ. ನೇಕಾರ ಹಲಗೆ ಎಳೆದು ನೂಲನ್ನು ಬಡಿದಾಗಲೆಲ್ಲ ಇಡೀ ಮಗ್ಗ ನಡುಗುತ್ತದೆ. ದಿನಕ್ಕೆ ಸಾವಿರಾರು ಸಲ ಹೀಗೆ ನಡುಗಿದರೆ ಮೊಳೆಯ ತೂತು ಸಡಿಲಾಗುತ್ತದೆ, ಆಮೇಲೆ ಅದು ಬಿಗಿಯಾಗುವುದಿಲ್ಲ. ಬೆಣೆ ಸಡಿಲಾದರೆ ಕೊಡತಿಯಿಂದ ಒಂದು ಪೆಟ್ಟು ಸಾಕು. ಬೇಸಿಗೆಯಲ್ಲಿ ಕಟ್ಟಿಗೆ ಕುಗ್ಗಿದರೂ ಅಷ್ಟೇ, ಇನ್ನೊಂದು ಪೆಟ್ಟು.

ಇದನ್ನು ಮಾಡುತ್ತಿದ್ದವರು ಕಾಕಾನಂಥ ಬಡಿಗೇರರು. ಅವರ ಅಪ್ಪ ಮಗ್ಗ ಮಾಡಿದವರು, ಇವರೂ ಮಾಡಿದವರು. ಪವರ್‌ಲೂಮ್ ಬಂದ ಮೇಲೆ ಚೌಕಟ್ಟು ಕಬ್ಬಿಣದ್ದಾಯಿತು. ಲಾಳಿ ಮತ್ತು ಅದನ್ನು ಹೊಡೆಯುವ ಕೋಲು ಕಟ್ಟಿಗೆಯದೇ ಉಳಿದಿದ್ದರಿಂದ ರಿಪೇರಿಯ ಕೆಲಸ ಸ್ವಲ್ಪ ಉಳಿಯಿತು. ಲಾಳಿಯೇ ಇಲ್ಲದ ಮಗ್ಗ ಬಂದಲ್ಲಿ ಅದೂ ಇಲ್ಲ. ದೇಶದ ಕೈಮಗ್ಗ ಗಣತಿ ಪ್ರಕಾರ 2009-10ರಲ್ಲಿ ಈ ಕೆಲಸದಲ್ಲಿದ್ದವರು 43.31 ಲಕ್ಷ, 2019-20ರಲ್ಲಿ 35.22 ಲಕ್ಷ. ಮಗ್ಗ ನಿಂತರೆ ಅದನ್ನು ಮಾಡುವ, ರಿಪೇರಿ ಮಾಡುವ ಕೈಗಳ ಕೆಲಸವೂ ನಿಲ್ಲುತ್ತದೆ.

ನನ್ನ ಎರಡನೇ ಮೇಜಿಗೆ ಕಾಕಾ ಕೊಡಿಸಿದ ಕಟ್ಟಿಗೆ ಎಲ್ಲಿಯದು ಗೊತ್ತಾ? ಪಕ್ಕದ ಓಣಿಯ ಒಂದು ಮನೆಯಲ್ಲಿ ಕಿತ್ತ ಕೈಮಗ್ಗದ್ದು. ಹಳೆಯ ಸಾಗವಾನಿ, ವರ್ಷಗಟ್ಟಲೆ ಒಣಗಿದ್ದು, ನಾನು ಕೇಳದಿದ್ದರೆ ನೀರೊಲೆಗೆ ಹೋಗುತ್ತಿತ್ತು. ಆ ಮನೆಯ ಅಜ್ಜಿ, “ಮೇಜ ಮಾಡ್ತೀಯೇನಪಾ? ಮಾಡ, ಅದರ ಋಣ ಇನ್ನೂ ತೀರಿಲ್ಲ” ಅಂದರು. ಒಂದು ಸಂಸಾರ ಅನ್ನ ದುಡಿದುಕೊಂಡ ಮರ ಈಗ ನನ್ನ ಲ್ಯಾಪ್‌ಟಾಪ್ ಇಡಲು ಬಂತು.

ಹವ್ಯಾಸಕ್ಕೆ ಏನೇನು ಬೇಕು?

ನನ್ನ ಮೊದಲ ಮೇಜು ಸೀಳಿದಾಗ ಹೋದದ್ದು ಎರಡೂವರೆ ಸಾವಿರ ರೂಪಾಯಿ, ಸ್ವಲ್ಪ ಮರ್ಯಾದೆ. ಕಾಕಾ ಯಾರದೋ ಮನೆಗೆ ಮಾಡಿಕೊಟ್ಟ ಬಾಗಿಲು ಸೀಳಿದರೆ ಕೂಲಿ ಹೋಗುತ್ತದೆ, ಮುಂದಿನ ಗಿರಾಕಿಯೂ ಹೋಗುತ್ತಾನೆ. ಹವ್ಯಾಸ ಅಂದರೆ ತಪ್ಪು ಮಾಡಲು ಇರುವ ಅವಕಾಶ. ಅದಕ್ಕೆ ಖಾಲಿ ಕೋಣೆ ಬೇಕು, ಖಾಲಿ ಸಮಯ ಬೇಕು, ಕಳೆದುಕೊಳ್ಳಬಹುದಾದ ದುಡ್ಡು ಬೇಕು. ನೇಕಾರರ ಮನೆಯೇ ಒಂದು ವರ್ಕ್‌ಶಾಪ್. ಆದರೆ ಅಲ್ಲಿ ಮಗ್ಗ ಹಾಕಿ ಉಳಿದ ಜಾಗದಲ್ಲೇ ಅಡುಗೆ, ಅಲ್ಲೇ ನಿದ್ದೆ. ಹೆಣ್ಣುಮಕ್ಕಳು ಅಡುಗೆಯ ನಡುವೆಯೇ ಕಂಡಿಕೆ ಸುತ್ತುತ್ತಾರೆ. ಅವರಿಗೆ ಭಾನುವಾರ ಮಧ್ಯಾಹ್ನ ಎಲ್ಲಿಂದ ಬರಬೇಕು? ನಾನು ಉಜ್ಜುಗೊರಡು ಹಿಡಿದು ಎರಡು ತಾಸು ಕೂತಾಗ ನಮ್ಮ ಮನೆಯಲ್ಲಿ ಅಡುಗೆ ಮಾಡುತ್ತಿದ್ದುದೂ ನಾನಲ್ಲ.

ಆಯ್ಕೆಯ ಪ್ರಶ್ನೆ ಇನ್ನೂ ದೊಡ್ಡದು. ಅಂಬೇಡ್ಕರ್ 1936ರ ‘ಜಾತಿ ವಿನಾಶ’ದಲ್ಲಿ ಹಿಡಿದದ್ದು ಇದನ್ನೇ: ಜಾತಿ ವ್ಯವಸ್ಥೆಯಲ್ಲಿ ಒಬ್ಬ ಏನು ಕೆಲಸ ಮಾಡಬೇಕು ಅನ್ನುವುದು ಅವನು ಹುಟ್ಟುವ ಮೊದಲೇ ತೀರ್ಮಾನ ಆಗಿರುತ್ತದೆ, ಅವನ ಇಷ್ಟಕ್ಕೂ ಸಾಮರ್ಥ್ಯಕ್ಕೂ ಅಲ್ಲಿ ಜಾಗವಿಲ್ಲ. ನಾನು ಉಳಿ ಹಿಡಿದದ್ದು ಇಷ್ಟಪಟ್ಟು. ಬೇಜಾರಾದರೆ ನಾಳೆಯೇ ಬಿಡಬಹುದು, ಯಾರೂ ಕೇಳುವುದಿಲ್ಲ. ಕಾಕಾಗೆ ಹತ್ತನೇ ವಯಸ್ಸಿನಲ್ಲಿ ಉಳಿ ಕೊಟ್ಟದ್ದು ಅವರ ಮನೆತನ. ಅದಕ್ಕೇ ಇರಬೇಕು, ಅವರು ಹೆಮ್ಮೆಯಿಂದ ಹೇಳುವ ಮಾತು ಮಗ್ಗದ ಬಗ್ಗೆ ಅಲ್ಲ: “ನನ್ನ ಮಗಗ ಉಳಿ ಮುಟ್ಟಾಕ ಕೊಟ್ಟಿಲ್ಲ ನಾ.” ಮಗ ಪುಣೆಯಲ್ಲಿ ಕಂಪನಿ ಕೆಲಸದಲ್ಲಿದ್ದಾನೆ. ಒಂದು ವಿದ್ಯೆ ಇಲ್ಲಿಗೆ ಮುಗಿಯಿತಲ್ಲ ಅಂತ ನಾನು ಕೊರಗಬಹುದು. ಅವರಿಗೆ ಅದು ಬಿಡುಗಡೆ.

ಯಾರ ಮಗ ಅಂತ ಕೇಳುವ ಯೋಜನೆ

ಕೇಂದ್ರ ಸರ್ಕಾರದ ಪಿಎಂ ವಿಶ್ವಕರ್ಮ ಯೋಜನೆಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. 2023ರ ಸೆಪ್ಟೆಂಬರ್ 17ರಂದು ಶುರುವಾದ ಇದಕ್ಕೆ ಐದು ವರ್ಷಕ್ಕೆ ಇಟ್ಟ ಹಣ 13,000 ಕೋಟಿ ರೂಪಾಯಿ. ಬಡಗಿತನ ಸೇರಿ 18 ಕಸುಬುಗಳು. ತರಬೇತಿಯ ದಿನಕ್ಕೆ 500 ರೂಪಾಯಿ, ಉಪಕರಣಕ್ಕೆ 15,000, ಜಾಮೀನಿಲ್ಲದೆ ಮೊದಲು 1 ಲಕ್ಷ, ಆಮೇಲೆ 2 ಲಕ್ಷ ಸಾಲ, ಬಡ್ಡಿ ಶೇ 5. ಕೈಯಲ್ಲಿ ಕೆಲಸ ಇದ್ದು ಬಂಡವಾಳ ಇಲ್ಲದವರಿಗೆ ಇದು ಸಣ್ಣ ಸಹಾಯವಲ್ಲ.

ತಕರಾರು ಇರುವುದು ಅದರ ಚೌಕಟ್ಟಿನಲ್ಲಿ. ಯೋಜನೆ ಮಾತಾಡುವುದು ಕುಟುಂಬದಿಂದ ಬಂದ ಸಾಂಪ್ರದಾಯಿಕ ಕಸುಬುಗಳ ಬಗ್ಗೆ, ಸೇರುವ ಕನಿಷ್ಠ ವಯಸ್ಸು 18. ಅಂದರೆ ಪಿಯುಸಿ ಮುಗಿಸಿ ಕಾಲೇಜಿಗೆ ಹೋಗಬೇಕಾದ ವಯಸ್ಸಿನ ಹುಡುಗನಿಗೆ ಅಪ್ಪನ ಕಸುಬಿನ ದಾರಿ ತೋರಿಸಿದ ಹಾಗಾಯಿತು. ತಮಿಳುನಾಡು 2024ರ ನವೆಂಬರ್‌ನಲ್ಲಿ ಈ ರೂಪದಲ್ಲಿ ಜಾರಿ ಮಾಡುವುದಿಲ್ಲ ಅಂತ ಕೇಂದ್ರಕ್ಕೆ ತಿಳಿಸಿತು. ಕುಟುಂಬದ ಕಸುಬು ಎಂಬ ಷರತ್ತು ತೆಗೆಯಿರಿ, ಕನಿಷ್ಠ ವಯಸ್ಸನ್ನು 35 ಮಾಡಿ ಅನ್ನುವುದು ಅದರ ಬೇಡಿಕೆ. 2025ರ ಏಪ್ರಿಲ್‌ನಲ್ಲಿ ಜಾತಿ, ಮನೆತನ ಕೇಳದ ತನ್ನದೇ ಯೋಜನೆ ತಂದಿತು. ಅವರಿಗೆ ಈ ವಿಷಯ ನಾಟಲು ಇತಿಹಾಸ ಇದೆ: 1953ರಲ್ಲಿ ಮದ್ರಾಸ್ ರಾಜ್ಯದಲ್ಲಿ ರಾಜಾಜಿ ಸರ್ಕಾರ ಮಕ್ಕಳಿಗೆ ಅರ್ಧ ದಿನ ಶಾಲೆ, ಉಳಿದ ಹೊತ್ತು ಅಪ್ಪನ ಕಸುಬು ಎಂಬ ಪದ್ಧತಿ ತಂದು, ಕುಲಕಸುಬಿನ ಶಿಕ್ಷಣ ಎಂಬ ವಿರೋಧ ಎದುರಿಸಿತು. 1954ರಲ್ಲಿ ಅದು ರದ್ದಾಯಿತು.

ಹಾಗಾದರೆ ಕೈಕೆಲಸವನ್ನು ಶಾಲೆಯಿಂದ ದೂರ ಇಡಬೇಕಾ? ಇಲ್ಲ. ಫಿನ್ಲೆಂಡ್ 1866ರಲ್ಲೇ ಹಳ್ಳಿ ಶಾಲೆಯ ಗಂಡುಮಕ್ಕಳಿಗೆ ಕೈಕೆಲಸ ಕಡ್ಡಾಯ ಮಾಡಿತು. ಹೆಣ್ಣುಮಕ್ಕಳನ್ನು ಮರಗೆಲಸದಿಂದ ಹೊರಗಿಟ್ಟದ್ದು ಅದರ ದೋಷ, ಆಮೇಲೆ ಅದು ತಿದ್ದಿತು. ಅಲ್ಲಿ ಮಗು ಕಲಿತದ್ದು ಅಪ್ಪನ ಕಸುಬನ್ನಲ್ಲ, ಎಲ್ಲ ಹುಡುಗರೂ ಕಲಿತದ್ದು ಒಂದೇ ಪಾಠವನ್ನು. ನಮ್ಮಲ್ಲೂ 1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿ ಕೈಕಸುಬಿನ ಮೂಲಕ ಶಿಕ್ಷಣ ಅಂದರು. 2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೇ ತರಗತಿಯಲ್ಲಿ ಬಡಗಿತನ, ಕುಂಬಾರಿಕೆಯಂಥವನ್ನು ಕಲಿಸಬೇಕು, ಚೀಲ ಇಲ್ಲದ ಹತ್ತು ದಿನ ಇರಬೇಕು ಅನ್ನುತ್ತದೆ. ಆ ನೀತಿಯನ್ನು ಒಪ್ಪದ ಕರ್ನಾಟಕ ತನ್ನದೇ ಶಿಕ್ಷಣ ನೀತಿಗೆ 2023ರಲ್ಲಿ ಸುಖದೇವ್ ಥೋರಟ್ ನೇತೃತ್ವದ ಆಯೋಗ ರಚಿಸಿತು. ನೀತಿ ಯಾರದೇ ಇರಲಿ, ನನ್ನ ಕೇಳಿಕೆ ಎರಡು.

ಒಂದು, ಪ್ರತಿ ಸರ್ಕಾರಿ ಪ್ರೌಢಶಾಲೆಯಲ್ಲಿ ಉಳಿ ಗರಗಸಗಳ ಒಂದು ಕೋಣೆ ಇರಲಿ. ವಕೀಲರ ಮಗಳು, ನೇಕಾರರ ಮಗ, ಬಡಿಗೇರರ ಮೊಮ್ಮಗಳು ಒಂದೇ ಬೆಂಚಿನಲ್ಲಿ ಕಲಿಯಲಿ, ಇಷ್ಟವಾದವರು ಮುಂದುವರಿಸಲಿ, ಆಗದವರು ಬಿಡಲಿ. ಎರಡು, ಆ ಕೋಣೆಯಲ್ಲಿ ಕಲಿಸಲು ಕಾಕಾನಂಥವರನ್ನು ಕರೆದು ಮೇಷ್ಟ್ರ ಪಗಾರ ಕೊಡಿ. ಶಾಲು, ಹಾರ ಬೇಡ.

ಕಲಿಸಿದ್ದಕ್ಕೆ ದುಡ್ಡು ಕೊಡಲು ಹೋದಾಗ ಕಾಕಾ ಮೊದಲು ಬೇಡ ಅಂದರು. “ಹುಡುಗರಿಗೆ ಹೇಳಿಕೊಟ್ಟರ ರೊಕ್ಕ ತಗೋತಾರೇನು?” ಇಂಜಿನಿಯರಿಂಗ್ ಕಾಲೇಜಿನಲ್ಲಿ ತಗೊಂಡರಲ್ಲ ಕಾಕಾ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಆರು ದಿನದ ಕೂಲಿ ಎಷ್ಟಾಗುತ್ತದೆ ಅಂತ ಬೆರಳು ಮಡಚಿ ಲೆಕ್ಕ ಹೇಳಿದರು. ಅಷ್ಟೂ ಕೊಟ್ಟೆ. ಎರಡನೇ ಮೇಜು ಈ ಏಪ್ರಿಲ್ ದಾಟಿದೆ, ಸೀಳಿಲ್ಲ. ಇದನ್ನು ಬರೆದದ್ದು ಅದರ ಮೇಲೇ.