ಕಸೂತಿಗೆ ಕೂಲಿ ಎಷ್ಟು?

ಮಕ್ಕಳೇ, ಚಿತ್ತಾಪುರ ಸುತ್ತಿನ ತಾಂಡಾಗಳ ಲಂಬಾಣಿ ಅಜ್ಜಿಯರು ತೊಡುವ ಫೇಟಿಯಾ, ಕಾಂಚಳಿ ನೋಡಿದ್ದೀರಲ್ಲ? ಕನ್ನಡಿ, ಕವಡೆ, ಬಣ್ಣದ ದಾರದ ಆ ಕಸೂತಿಯನ್ನು ಮಾರಲು ಹೊರಟರೆ ಎಷ್ಟು ಬೆಲೆ ಹೇಳಬೇಕು?

ಒಂದು ಚೀಲಕ್ಕೆ ಬಟ್ಟೆ 100 ರೂಪಾಯಿ, ದಾರ, ಕನ್ನಡಿಗೆ 50, ಕೆಲಸ 3 ದಿನ ಎಂದುಕೊಳ್ಳಿ. 300ಕ್ಕೆ ಕೊಟ್ಟರೆ ದಿನದ ಕೂಲಿ ಬರೀ 50! ಈ ಲೆಕ್ಕವನ್ನು ಬಲ್ಲ ಕಸೂತಿಗಾರ್ತಿಯೇ ಜೊತೆಯವರಿಗೆ ಹೇಳಿಕೊಡಬೇಕು. ದಲ್ಲಾಳಿಯಂತೂ ಹೇಳಿಕೊಡುವುದಿಲ್ಲ, ಬಿಡಿ.

ಬಳ್ಳಾರಿ ಜಿಲ್ಲೆಯ ಸಂಡೂರಿನಲ್ಲಿ ಲಂಬಾಣಿ ಮಹಿಳೆಯರು ಒಬ್ಬೊಬ್ಬರೇ ಮಾರುವ ಬದಲು ಸಂಡೂರು ಕುಶಲ ಕಲಾ ಕೇಂದ್ರದಲ್ಲಿ ಒಟ್ಟಾಗಿದ್ದಾರೆ. ಅವರ ಕಸೂತಿಗೆ ಜಿಐ ಮಾನ್ಯತೆಯೂ ಇದೆ. ಬೇರೆ ಊರಿನ ನಕಲನ್ನು ಆ ಹೆಸರಲ್ಲಿ ಮಾರುವಂತಿಲ್ಲ. 2023ರಲ್ಲಿ ಹಂಪಿಯ ಜಿ20 ಸಭೆಯ ವೇಳೆ 450ಕ್ಕೂ ಹೆಚ್ಚು ಮಹಿಳೆಯರ 1,755 ಕಸೂತಿ ತುಣುಕುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು.

ಅಜ್ಜಿ ಸೂಜಿ ಹಿಡಿದಾಗ ಪಕ್ಕದಲ್ಲಿ ಕುಳಿತು, ಎಷ್ಟು ದಿನ ಹಿಡಿಯಿತೆಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.