ಗುಜರಿ ಡಬ್ಬಿಯಲ್ಲಿ ಗಲ್ಫಿನ ಚಿಲ್ಲರೆ

ದುಬೈ, ಮಸ್ಕತ್, ಕುವೈತ್‌ನಿಂದ ರಜೆಗೆ ಊರಿಗೆ ಬಂದವರು ಕೈಯಲ್ಲಿದ್ದ ನೋಟುಗಳನ್ನು ರೂಪಾಯಿಗೆ ಬದಲಾಯಿಸಿಕೊಳ್ಳುತ್ತಾರೆ. ನಾಣ್ಯ ಮಾತ್ರ ಕಿಸೆಯಲ್ಲೇ ಉಳಿಯುತ್ತದೆ. ಹಣ ಬದಲಾಯಿಸುವ ಕೌಂಟರಿನವರು ಸಾಮಾನ್ಯವಾಗಿ ವಿದೇಶಿ ಚಿಲ್ಲರೆ ಮುಟ್ಟುವುದಿಲ್ಲ. ಕಿಸೆಯಿಂದ ಅದು ಕಪಾಟಿನ ಬಿಸ್ಕತ್ತು ಡಬ್ಬಿಗೆ ಹೋಗುತ್ತದೆ, ವರ್ಷಗಟ್ಟಲೆ ಅಲ್ಲೇ ಕೂತಿರುತ್ತದೆ. ಮನೆಗೆ ಸುಣ್ಣಬಣ್ಣ ಮಾಡಿಸುವಾಗ ತೂತುಬಿದ್ದ ಹಂಡೆ, ಮುರಿದ ನಲ್ಲಿಯ ಜೊತೆ ಗುಜರಿ ಅಂಗಡಿ ಸೇರುತ್ತದೆ. ಭಟ್ಕಳದಲ್ಲಿ ಅಗ್ಗದ ವಿದೇಶಿ ನಾಣ್ಯ ಸಿಗುವುದು ಹೀಗೆ.

ಬೆಂಗಳೂರಿನ ಸಂಡೇ ಬಜಾರಿನಂಥ ಜಾಗ ನಮ್ಮ ಕಡೆ ಇಲ್ಲ. ಹುಡುಕಬೇಕಾದದ್ದು ಗುಜರಿ ಅಂಗಡಿಗಳಲ್ಲಿ, ವಾರದ ಸಂತೆಯ ಅಂಚಿನಲ್ಲಿ ಗೋಣಿತಾಟು ಹಾಸಿ ಹಳೆ ಬೀಗ, ನಿಂತ ಗಡಿಯಾರ ಇಟ್ಟುಕೊಂಡು ಕೂತವರ ಹತ್ತಿರ, ತೇರಿನ ದಿನ ಬರುವ ಅಂಗಡಿಗಳಲ್ಲಿ. ಭಟ್ಕಳದಲ್ಲಿ ಗಲ್ಫಿನದ್ದೇ ಹೆಚ್ಚು. ಹೊನ್ನಾವರದಲ್ಲಿ ಹಡಗಿನಲ್ಲಿ ದುಡಿದವರ ಮನೆಯಿಂದ ಬಂದದ್ದಾದರೆ ಒಂದೇ ಡಬ್ಬಿಯಲ್ಲಿ ನಾಲ್ಕಾರು ದೇಶ ಇರುತ್ತದೆ. ಕುಮಟಾ ತಾಲ್ಲೂಕಿನ ಲೆಕ್ಕವೇ ಬೇರೆ, ಅಲ್ಲಿ ಗೋಕರ್ಣವಿದೆ. ಓಂ ಬೀಚ್, ಕುಡ್ಲೆಗೆ ಬರುವ ವಿದೇಶಿಯರು ಬಿಟ್ಟುಹೋದ ಯೂರೋ ಸೆಂಟು, ಇಸ್ರೇಲಿನ ಅಗೋರಾ ಚಹಾದಂಗಡಿಯ ಗಲ್ಲೆಯಲ್ಲೂ ಸಿಕ್ಕೀತು. ಕೇಳಿ ನೋಡಿ, ತಪ್ಪೇನಿಲ್ಲ.

"ಮಾಸ್ತರೇ, ತೂಕಕ್ಕೆ ಬೇಕೋ, ಬಿಡಿ ಬೇಕೋ?" ಎಂದು ಗುಜರಿಯ ಸಾಬರು ಮೊದಲೇ ಕೇಳಿಬಿಡುತ್ತಾರೆ. ಹೊಸಬರಾದರೆ ತೂಕಕ್ಕೆ ಅರ್ಧ ಕಿಲೋ ಕೊಂಡು ಮನೆಯಲ್ಲಿ ಹರಡಿಕೊಂಡು ಕೂರುವುದೇ ಒಳ್ಳೆಯ ಪಾಠ. ಓದಲು ಬಂದಮೇಲೆ ಬಿಡಿಯಾಗಿ ಆರಿಸಿ.

ಓದುವುದಕ್ಕೆ ಅರಬ್ಬಿ ಭಾಷೆ ಬೇಕಿಲ್ಲ, ಹತ್ತು ಅಂಕಿ ಸಾಕು. ಒಂದು ಎಂದರೆ ನೆಟ್ಟಗಿನ ಗೀಟು. ಅದರ ತಲೆಗೆ ಒಂದು ಕೊಂಡಿ ಬಂದರೆ ಎರಡು, ಎರಡು ಕೊಂಡಿ ಬಂದರೆ ಮೂರು. ನಾಲ್ಕು ಎಂದರೆ ತಿರುವಿ ಬರೆದ 3. ಐದು ನಮ್ಮ ಸೊನ್ನೆಯಂತೆ ದುಂಡಗೆ, ಸೊನ್ನೆಯೋ ಬರೀ ಚುಕ್ಕೆ. ಏಳು ಇಂಗ್ಲಿಷಿನ ವಿ ಅಕ್ಷರದಂತೆ, ಎಂಟು ಅದನ್ನೇ ತಲೆಕೆಳಗು ಮಾಡಿದಂತೆ. ಒಂಬತ್ತು ನಾವು ಬರೆಯುವ 9 ಇದ್ದಂತೆಯೇ. ಎಲ್ಲರೂ ಎಡವುವುದು ಆರರಲ್ಲಿ, ಅದು ನೋಡಲಿಕ್ಕೆ 7. ಅರಬ್ಬಿ ಅಕ್ಷರ ಬಲದಿಂದ ಎಡಕ್ಕೆ ಸಾಗಿದರೂ ಇಸವಿಯನ್ನು ಎಡದಿಂದ ಬಲಕ್ಕೇ ಓದಬೇಕು.

ಆರನ್ನು ಏಳೆಂದು ಓದಿದರೆ ಏನು ಕೈತಪ್ಪುತ್ತದೆ ಎಂದು ಹೇಳುತ್ತೇನೆ. ಒಂದು ಮಗ್ಗುಲಲ್ಲಿ ಜಿಂಕೆ ಇರುವ ಬಿಳಿ ನಾಣ್ಯ ಗಲ್ಫಿನ ರಾಶಿಯಲ್ಲಿ ಬೇಕಾದಷ್ಟು ಬರುತ್ತದೆ. ಅದು ಯುಎಇಯ 25 ಫಿಲ್ಸ್, ತೀರಾ ಸಾಮಾನ್ಯ. ಆದರೆ ಜಿಂಕೆಯದ್ದೇ ಇನ್ನೊಂದು ನಾಣ್ಯವಿದೆ. ಅದರ ಮೇಲಿನ ಇಸವಿ 1977 ಎಂದು ಕಂಡರೆ ಪಕ್ಕಕ್ಕೆ ಹಾಕಬೇಡಿ, ಅದು 1966. ಯುಎಇ ಎಂಬ ದೇಶವೇ ಹುಟ್ಟಿದ್ದು 1971ರಲ್ಲಿ, ಅದರ ಮೊದಲ ನಾಣ್ಯಗಳು ಬಂದದ್ದು 1973ರಲ್ಲಿ. 1966ರ ಜಿಂಕೆ ಕತಾರ್ ಮತ್ತು ದುಬೈ ಸೇರಿ ಹೊರಡಿಸಿದ ನಾಣ್ಯ. ಕೆಲವೇ ವರ್ಷ ಚಲಾವಣೆಯಲ್ಲಿತ್ತು. ಗುಜರಿಯಲ್ಲಿ ಎರಡಕ್ಕೂ ಒಂದೇ ರೇಟು.

ಆ ನಾಣ್ಯದ ಹಿಂದೆ ನಮ್ಮ ರೂಪಾಯಿಯ ಕಥೆಯಿದೆ, ಅದಕ್ಕೇ ನನಗೆ ಅದು ಇಷ್ಟ. ಒಂದು ಕಾಲದಲ್ಲಿ ಗಲ್ಫಿನ ಬಂದರುಗಳಲ್ಲಿ ನಡೆಯುತ್ತಿದ್ದದ್ದು ಭಾರತದ ರೂಪಾಯಿಯೇ. ಅಲ್ಲಿಂದ ಚಿನ್ನ ಕಳ್ಳಸಾಗಣೆಯಾಗಿ ಬಂದು ನಮ್ಮ ವಿದೇಶಿ ವಿನಿಮಯ ಸೋರತೊಡಗಿದಾಗ, 1959ರಲ್ಲಿ ರಿಸರ್ವ್ ಬ್ಯಾಂಕ್ ಗಲ್ಫಿಗೆಂದೇ ಬೇರೆ ಬಣ್ಣದ ನೋಟು ಮುದ್ರಿಸಿತು. 1961ರಲ್ಲಿ ಕುವೈತ್, 1965ರಲ್ಲಿ ಬಹರೈನ್ ತಮ್ಮದೇ ದಿನಾರ್ ತಂದವು. 1966ರ ಜೂನ್ 6ರಂದು ರೂಪಾಯಿಯ ಅಪಮೌಲ್ಯವಾಯಿತು. ಕತಾರ್, ದುಬೈ ಅದೇ ವರ್ಷ ರೂಪಾಯಿ ಕೈಬಿಟ್ಟವು. ಒಮಾನ್ 1970ರ ತನಕ ಉಳಿಸಿಕೊಂಡಿತ್ತು. ಹಾಗಾಗಿ ಹಳೆಯ ಡಬ್ಬಿಯಲ್ಲಿ ಗಲ್ಫ್ ನಾಣ್ಯದ ಜೊತೆ ನಮ್ಮ ನಯಾ ಪೈಸೆ ಕಂಡರೆ ಅದೂ ಒಮ್ಮೆ ಆಚೆ ದಡ ನೋಡಿ ಬಂದದ್ದಿರಬಹುದು.

ಉಳಿದವನ್ನು ಚಿತ್ರ ನೋಡಿ ಗುರುತಿಸಬಹುದು. ಹಾಯಿಹಡಗು ಇದ್ದರೆ ಹೆಚ್ಚಾಗಿ ಕುವೈತ್. ಕತ್ತಿಗಳ ಮೇಲೆ ಬಾಗಿದ ಬಾಕು ಇದ್ದರೆ ಒಮಾನ್. ಎರಡು ಕತ್ತಿ, ಮೇಲೆ ಖರ್ಜೂರದ ಮರ ಇದ್ದರೆ ಸೌದಿ. ಕಾಫಿಯ ಹೂಜಿ ಇದ್ದರೆ ಯುಎಇಯ ಒಂದು ದಿರ್ಹಾಮ್. ಅಗಲವಾದದ್ದು 1995ಕ್ಕಿಂತ ಹಿಂದಿನದ್ದು, ಆ ವರ್ಷ ಅದನ್ನು ಚಿಕ್ಕದು ಮಾಡಿದರು. 50 ಫಿಲ್ಸ್ ಏಳು ಮೂಲೆಯಾದದ್ದೂ ಆಗಲೇ. ಸೌದಿಯ ಹಳೆ ನಾಣ್ಯದಲ್ಲಿ ಹಿಜರಿ ವರ್ಷ ಮಾತ್ರ ಇರುತ್ತದೆ. ಅದನ್ನು 0.97ರಿಂದ ಗುಣಿಸಿ 622 ಕೂಡಿಸಿ: 1408 ಎಂದರೆ ಸುಮಾರು 1988. ನೇಪಾಳದ ನಾಣ್ಯದಲ್ಲಿ 57 ಕಳೆಯಿರಿ, ಥಾಯ್ಲೆಂಡಿನದ್ದಕ್ಕೆ 543.

ಕಿಸೆಯಲ್ಲಿ ಒಂದು ಆಯಸ್ಕಾಂತವಿರಲಿ. ಬಿಳಿಯಾಗಿ ಹೊಳೆಯುವುದನ್ನೆಲ್ಲ ಬೆಳ್ಳಿ ಎಂದು ಮಾರುವವರಿದ್ದಾರೆ. ಅಂಟಿಕೊಂಡರೆ ಬೆಳ್ಳಿ ಅಲ್ಲವೇ ಅಲ್ಲ. ಅಂಟದಿದ್ದರೂ ಬೆಳ್ಳಿ ಎಂದಾಗಲಿಲ್ಲ. ಗಲ್ಫಿನ ಹಳೆಯ ಬಿಳಿ ನಾಣ್ಯಗಳು ತಾಮ್ರ-ನಿಕ್ಕಲ್ ಮಿಶ್ರಣದವು, ಅವೂ ಅಂಟುವುದಿಲ್ಲ. ಬ್ರಿಟನ್ನಿನ ಒಂದು, ಎರಡು ಪೆನ್ನಿಯಲ್ಲಿ ಆಯಸ್ಕಾಂತ ಕಾಲವನ್ನೇ ಹೇಳುತ್ತದೆ. 1992ರಿಂದ ಅವು ತಾಮ್ರ ಲೇಪಿಸಿದ ಉಕ್ಕಿನಲ್ಲಿ ಬರತೊಡಗಿದವು, ಅದಕ್ಕೂ ಹಿಂದಿನವು ಕಂಚು.

ಬೆಲೆಯ ಮಾತು. ಇಂದಿಗೂ ಚಲಾವಣೆಯಲ್ಲಿರುವ ನಾಣ್ಯಕ್ಕೆ ಅದರ ವಿನಿಮಯ ಬೆಲೆಗಿಂತ ಹೆಚ್ಚು ಕೊಡಬೇಡಿ. ಯುಎಇಯಲ್ಲಿ 100 ಫಿಲ್ಸ್‌ಗೆ ಒಂದು ದಿರ್ಹಾಮ್, ಕುವೈತ್ ಮತ್ತು ಬಹರೈನ್‌ನಲ್ಲಿ 1000 ಫಿಲ್ಸ್‌ಗೆ ಒಂದು ದಿನಾರ್. ಫಿಲ್ಸ್ ಎಂಬ ಹೆಸರು ಒಂದೇ ಆದರೂ ಲೆಕ್ಕ ಬೇರೆ.

ಒಂದನ್ನು ಮಾತ್ರ ಎಷ್ಟೇ ಅಗ್ಗಕ್ಕೆ ಕೊಟ್ಟರೂ ನಾಣ್ಯವೆಂದು ಕೊಳ್ಳಬೇಡಿ: ಒಂದು ಕಡೆ ರಾಮ-ಸೀತೆ ಅಥವಾ ಹನುಮಂತ, ಇನ್ನೊಂದು ಕಡೆ ಈಸ್ಟ್ ಇಂಡಿಯಾ ಕಂಪನಿ, 1616 ಅಥವಾ 1818 ಎಂದು ಇಸವಿ. ಕಂಪನಿ ಅಂಥ ನಾಣ್ಯ ಟಂಕಿಸಲೇ ಇಲ್ಲ. ಜಾತ್ರೆ, ದೇವಸ್ಥಾನಗಳ ಬಳಿ ಮಾರಲು ಮಾಡಿದ ಬಿಲ್ಲೆಗಳು ಅವು. ಹಳೆ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುತ್ತೇವೆ, ಮೊದಲು ಶುಲ್ಕ ಕಟ್ಟಿ ಎಂಬ ಫೋನು ಬಂದರೆ ಇಟ್ಟುಬಿಡಿ. ತನ್ನ ಹೆಸರಿನಲ್ಲಿ ಇಂಥ ವಂಚನೆ ನಡೆಯುತ್ತಿದೆಯೆಂದು ರಿಸರ್ವ್ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಎಚ್ಚರಿಸಿದೆ.

ಕಾನೂನಿನ ಭಯ ಬೇಡ. ವಿದೇಶಿ ನಾಣ್ಯಗಳನ್ನು ಎಷ್ಟು ಬೇಕಾದರೂ ಇಟ್ಟುಕೊಳ್ಳಲು ವಿದೇಶಿ ವಿನಿಮಯದ ನಿಯಮಗಳು ಅವಕಾಶ ಕೊಟ್ಟಿವೆ, ಮಿತಿ ಇರುವುದು ನೋಟಿಗೆ. ಆದರೆ ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತು, ಅದನ್ನು ದೇಶದ ಹೊರಗೆ ಒಯ್ಯುವಂತಿಲ್ಲ. ಗೇರುಸೊಪ್ಪೆಯ ಕಡೆ ತೋಟ ಅಗೆಯುವಾಗ ಸಿಕ್ಕಿದ್ದು ಎಂದು ಯಾರಾದರೂ ಹಳೆ ನಾಣ್ಯ ತೋರಿಸಿದರೆ ಕೊಳ್ಳಲು ಹೋಗಬೇಡಿ. ನೆಲದಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕು. ಅಂಥ ನಾಣ್ಯ ನೋಡುವ ಆಸೆಯಿದ್ದರೆ ಉಡುಪಿಗೆ ಹೋಗಿ. 1906ರಲ್ಲಿ ಕಾರ್ಪೊರೇಷನ್ ಬ್ಯಾಂಕ್ ಸ್ಥಾಪಿಸಿದ ಹಾಜಿ ಅಬ್ದುಲ್ಲಾ ಸಾಹೇಬರ ಮನೆಯೇ ಈಗ ನಾಣ್ಯ ಸಂಗ್ರಹಾಲಯ.

ಮನೆಗೆ ತಂದ ನಾಣ್ಯವನ್ನು ಹುಣಸೆಹಣ್ಣು, ಮುರುಗಲು, ಬೂದಿ ಹಾಕಿ ತಿಕ್ಕಬೇಡಿ. ತಾಮ್ರದ ಕೊಡಕ್ಕೆ ಅದು ಸರಿ. ನಾಣ್ಯಕ್ಕೆ ಹುಳಿ ತಾಗಿದರೆ ಮೇಲ್ಮೈ ತಿಂದುಹೋಗುತ್ತದೆ, ತಿಕ್ಕಿದ ಗೀರು ಮತ್ತೆ ಹೋಗುವುದಿಲ್ಲ. ಮೃದುವಾದ ಸೋಪಿನ ನೀರಿನಲ್ಲಿ ನೆನೆಹಾಕಿ, ಶುದ್ಧ ನೀರಿನಲ್ಲಿ ತೊಳೆದು, ಹತ್ತಿ ಬಟ್ಟೆಯಿಂದ ಒತ್ತಿ ಒರೆಸಿದರೆ ಸಾಕು. ನಮ್ಮದು ಉಪ್ಪುಗಾಳಿಯ ಊರು, ನಾಲ್ಕು ತಿಂಗಳ ಮಳೆ ಬೇರೆ. ಪಿವಿಸಿ ಚೀಲದಲ್ಲಿಟ್ಟರೆ ಹಸಿರು ಜಿಗುಟು ಹಿಡಿಯುತ್ತದೆ. ಕಾಗದದ ಲಕೋಟೆಯಲ್ಲಿಟ್ಟು, ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ. ಹೊಸ ಚಪ್ಪಲಿ, ಬ್ಯಾಗಿನ ಜೊತೆ ಬರುವ ಸಿಲಿಕಾದ ಪುಟ್ಟ ಪೊಟ್ಟಣಗಳನ್ನು ಬಿಸಾಡದೆ ಅದರೊಳಗಿಡಿ.

ಭಟ್ಕಳ, ಹೊನ್ನಾವರ, ಕುಮಟಾದ ಓದುಗರಲ್ಲಿ ಒಂದು ಮಾತು. ಗುಜರಿಗೆ ಹೋಗುವ ಮೊದಲು ನಿಮ್ಮ ಅಜ್ಜಿಯ ಕಪಾಟು ತೆರೆಸಿ. ಡಬ್ಬಿ ಸಿಕ್ಕರೆ ಆ ನಾಣ್ಯವನ್ನು ಯಾರು, ಯಾವ ಊರಿನಿಂದ, ಯಾವ ವರ್ಷ ತಂದರು ಎಂದು ಕೇಳಿ ಒಂದು ಚೀಟಿಯಲ್ಲಿ ಬರೆದು ಅದರೊಳಗೇ ಇಡಿ. ಗುಜರಿಯ ತಕ್ಕಡಿಗೆ ಬಂದ ಮೇಲೆ ಅದನ್ನು ಹೇಳುವವರು ಯಾರೂ ಇರುವುದಿಲ್ಲ.