ಬೇಲೂರು ಸೀಮೆಯ ದಾರುಶಿಲ್ಪ: ಬಿರುಕು ಮತ್ತು ಅದರ ಉಪಚಾರ

ಹೊಯ್ಸಳ ಶಿಲ್ಪವೆಂದೊಡನೆ ನಮ್ಮ ಮನಸ್ಸು ಕಲ್ಲಿನ ಕಡೆಗೆ ಹರಿಯುವುದು ಸಹಜ. ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಬೇಲೂರಿನ ಕೇಶವದೇವಾಲಯವೂ, ಹಳೇಬೀಡಿನ ಹೊಯ್ಸಳೇಶ್ವರವೂ, 1220ರ ಸುಮಾರಿನದಾದ ಅರಸೀಕೆರೆಯ ಈಶ್ವರದೇವಾಲಯವೂ ಬಳಪದ ಕಲ್ಲಿನವು. ಪ್ರಾಕ್ತನವಿಮರ್ಶವಿಚಕ್ಷಣ ಆರ್. ನರಸಿಂಹಾಚಾರ್ಯರು ಬೇಲೂರಿನ ದೇವಾಲಯವನ್ನು ಕುರಿತು 1919ರಲ್ಲಿ ಗ್ರಂಥವನ್ನು ಪ್ರಕಟಿಸಿದಂದಿನಿಂದ, ಬೇಲೂರು ಹಳೇಬೀಡುಗಳು ಸೋಮನಾಥಪುರದೊಡನೆ 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ವರೆಗೆ, ಬರೆದವರೆಲ್ಲರೂ ಬಹುಮಟ್ಟಿಗೆ ಕಲ್ಲನ್ನೇ ಬಣ್ಣಿಸಿದ್ದಾರೆ. ಆದರೆ ಇದೇ ದೇವಾಲಯಗಳ ಆವರಣದಲ್ಲಿ ರಥ, ವಾಹನ, ಬಾಗಿಲುವಾಡ ಮೊದಲಾದ ಮರದ ಕೆಲಸವೂ ಉಂಟು. ಕಲ್ಲಿನ ಮದನಿಕೆಯ ಬೆರಳು ಮುರಿದರೆ ಪತ್ರಿಕೆಗಳಲ್ಲಿ ಸುದ್ದಿಯಾಗುತ್ತದೆ. ತೇರಿನ ಹಲಗೆಯು ಸೀಳಿದರೆ ಅದನ್ನು ಕಿತ್ತು ಹೊಸದನ್ನು ಹಾಕುತ್ತಾರೆ, ಹಳೆಯದು ಒಲೆಗೋ ಮಾರಾಟಕ್ಕೋ ಹೋಗುತ್ತದೆ.

ಮರವು ಈ ಕಟ್ಟಡಗಳಲ್ಲಿ ಅಮುಖ್ಯವಾಗಿತ್ತೆಂದು ಎಣಿಸಲಾಗದು. ಬೇಲೂರಿನ ಗರ್ಭಗೃಹದ ಮೇಲಣ ಶಿಖರವು ಇಟ್ಟಿಗೆ ಮತ್ತು ಮರಗಳದಾಗಿತ್ತು. ಮೂರನೆಯ ಬಲ್ಲಾಳನ ಕಾಲದಲ್ಲಿ, 1298ರಲ್ಲಿ, ಅದು ಶಿಥಿಲವಾಗಿರಲು ಸೋಮೆಯ ದಂಡನಾಯಕನು ಜೀರ್ಣೋದ್ಧಾರ ಮಾಡಿಸಿದನು. ಕೆಳಗಣ ಕಟ್ಟಡವನ್ನು ಉಳಿಸಿಕೊಳ್ಳುವುದಕ್ಕಾಗಿ 1879ರಲ್ಲಿ ಶಿಖರವನ್ನೇ ಬಿಚ್ಚಬೇಕಾಯಿತು. ಇಂದು ನಾವು ಕಾಣುವ ಬೋಳು ಮಾಳಿಗೆಯು ಕಳೆದುಹೋದ ಮರಗೆಲಸದ ಗುರುತು.

ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೃದುವಾಗಿದ್ದು, ಗಾಳಿಗೆ ಒಡ್ಡಿದಂತೆಲ್ಲ ಗಟ್ಟಿಯಾಗುತ್ತದೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮುಂತಾದ ರೂವಾರಿಗಳು ಅದರಲ್ಲಿ ಮರದಲ್ಲಿ ಕಂಡರಿಸುವಷ್ಟು ಸೂಕ್ಷ್ಮವಾಗಿ ಕಂಡರಿಸಿದುದಕ್ಕೆ ಈ ಗುಣವೇ ಆಧಾರ. ಮರದ ಸ್ವಭಾವವು ಇದಕ್ಕೆ ವಿಪರೀತ. ಕಡಿದು ಎಷ್ಟು ಕಾಲವಾದರೂ ಅದು ಗಾಳಿಯ ತೇವವನ್ನು ಹೀರಿ ಉಬ್ಬುತ್ತದೆ, ಬಿಟ್ಟು ಕುಗ್ಗುತ್ತದೆ. ನೂರು ವರ್ಷದ ಹಲಗೆಯು "ಚೆನ್ನಾಗಿ ಒಣಗಿದೆ, ಇನ್ನು ಅಲುಗದು" ಎಂಬ ನಂಬಿಕೆಯು ಸಾಮಾನ್ಯವಾದರೂ ತಪ್ಪು.

ಈ ಕುಗ್ಗುವಿಕೆಯು ಎಲ್ಲ ದಿಕ್ಕಿಗೂ ಸಮನಲ್ಲ ಎಂಬುದರಲ್ಲಿಯೇ ಬಿರುಕಿನ ಮೂಲವಿದೆ. ಹಸಿಯ ತೇಗವು ಪೂರ್ಣವಾಗಿ ಒಣಗಿದಾಗ ತಿರುಳಿನಿಂದ ತೊಗಟೆಯ ಕಡೆಗೆ ಸುಮಾರು ನೂರಕ್ಕೆ 2.5ರಷ್ಟೂ, ವರ್ಷವಲಯಗಳ ಸುತ್ತಿನ ದಿಕ್ಕಿನಲ್ಲಿ 5.8ರಷ್ಟೂ ಕುಗ್ಗುತ್ತದೆ, ಎಳೆಯ ಉದ್ದಕ್ಕೆ ಕುಗ್ಗುವುದು ಲೆಕ್ಕಕ್ಕೆ ಬಾರದಷ್ಟು ಅಲ್ಪ. ತೇಗವು ಕಡಮೆ ಕುಗ್ಗುವ ಮರಗಳಲ್ಲಿ ಒಂದು. ಹಲವು ಮರಗಳಲ್ಲಿ ಈ ಅಂಕಗಳು ಇನ್ನೂ ಹೆಚ್ಚು. ಸುತ್ತಳತೆಯು ವ್ಯಾಸಕ್ಕಿಂತ ಹೆಚ್ಚು ಕುಗ್ಗಲು ಯತ್ನಿಸುವುದರಿಂದ ಇಡಿಯ ದಿಮ್ಮಿಯು ಎಲ್ಲಿಯಾದರೂ ಬಿರಿಯಲೇಬೇಕು, ಆ ಬಿರುಕು ತಿರುಳಿನ ಕಡೆಗೆ ಹರಿಯಲೇಬೇಕು. ತಿರುಳನ್ನು ಒಳಗೊಂಡ ದಿಮ್ಮಿಯಲ್ಲಿ ಮೂರ್ತಿಯನ್ನು ಕೆತ್ತಿದರೆ ಮುಖದ ಮೇಲೆ ಸೀಳು ಬಂದುದಕ್ಕೆ ಶಿಲ್ಪಿಯ ಕೈಯನ್ನು ದೂರುವಂತಿಲ್ಲ. ಹಿಂಬದಿಯಿಂದ ತಿರುಳನ್ನು ತೋಡಿ ತೆಗೆದಿದ್ದರೆ ಅದು ಬಹುಮಟ್ಟಿಗೆ ತಪ್ಪುತ್ತಿತ್ತು.

ಬೇಲೂರು ಮಲೆನಾಡಿನ ಅಂಚಿನಲ್ಲಿದೆ, ಅರಸೀಕೆರೆಯು ಬಯಲುಸೀಮೆ. ಗಾಳಿಯ ಆರ್ದ್ರತೆಯು ನೂರಕ್ಕೆ 80 ಇರುವಾಗ ಮರದಲ್ಲಿ ಸುಮಾರು 16 ಪಾಲು ತೇವ ನಿಲ್ಲುತ್ತದೆ, 50 ಇರುವಾಗ ಸುಮಾರು 9 ಪಾಲು. ಈ ಏಳು ಪಾಲಿನ ವ್ಯತ್ಯಾಸಕ್ಕೆ, ಸುತ್ತಿನ ದಿಕ್ಕಿನಲ್ಲಿ ಕೊಯ್ದ ಒಂದು ಅಡಿ ಅಗಲದ ತೇಗದ ಹಲಗೆಯು ಸುಮಾರು 4 ಮಿಲಿಮೀಟರಿನಷ್ಟು ಅಗಲದಲ್ಲಿ ವ್ಯತ್ಯಾಸಹೊಂದುತ್ತದೆ. ಶ್ರಾವಣದಲ್ಲಿ ಉಬ್ಬಿದ ಹಲಗೆಯು ಚೈತ್ರದಲ್ಲಿ, ಸರಿಯಾಗಿ ಕೇಶವನ ರಥೋತ್ಸವದ ಕಾಲಕ್ಕೆ, ಕುಗ್ಗಿರುತ್ತದೆ. ಅದರ ಎರಡು ಅಂಚುಗಳನ್ನೂ ಕಬ್ಬಿಣದ ಮೊಳೆಯಿಂದ ಬಿಗಿದಿದ್ದರೆ ಆ 4 ಮಿಲಿಮೀಟರು ಎಲ್ಲಿಗೆ ಹೋಗಬೇಕು? ಹಲಗೆಯ ನಡುವೆ ಸೀಳಾಗಿ ಕಾಣಿಸಿಕೊಳ್ಳುತ್ತದೆ. ಮಲೆನಾಡಿನ ಕೆತ್ತನೆಯೊಂದನ್ನು ಬಯಲುಸೀಮೆಯ ಮನೆಗೋ, ಬಿಸಿದೀಪಗಳುಳ್ಳ ಗಾಜಿನ ಕಪಾಟಿಗೋ ಒಮ್ಮೆಗೇ ಸಾಗಿಸಿದರೂ ಇದೇ ಗತಿ. ಬಟ್ಟೆಯಲ್ಲಿ ಸುತ್ತಿ ಕೆಲವು ವಾರ ನೆರಳಿನಲ್ಲಿರಿಸಿ ನಿಧಾನವಾಗಿ ಹೊಂದಿಸಬೇಕು.

ಬಿರುಕನ್ನು ಕಂಡೊಡನೆ ತುಂಬಿಬಿಡಬೇಕೆಂಬ ಆತುರವೇ ಹೆಚ್ಚು ಹಾನಿಯನ್ನು ಮಾಡಿದೆ ಎಂದು ನನ್ನ ಅಭಿಪ್ರಾಯ. ಉತ್ಸವಕ್ಕೆ ಮುಂಚೆ, ಅಂದರೆ ಬಿರುಕು ಅತ್ಯಂತ ಅಗಲವಾಗಿರುವಾಗ, ಮರದ ಪುಡಿ ಮತ್ತು ಗಟ್ಟಿಯಾದ ಅಂಟನ್ನು ಕಲಸಿ ಮೆತ್ತಿ ಬಣ್ಣ ಬಳಿಯುತ್ತಾರೆ. ನೋಟಕ್ಕೆ ಅದು ಅಂದವೇ. ಮಳೆಗಾಲದಲ್ಲಿ ಮರವು ಉಬ್ಬಿ ಮುಚ್ಚಿಕೊಳ್ಳಲು ಯತ್ನಿಸಿದಾಗ ಗಟ್ಟಿಯಾದ ಮೆತ್ತು ಎಡೆಗೊಡುವುದಿಲ್ಲ. ಅಂಚಿನ ಎಳೆಗಳು ಜಜ್ಜಿಹೋಗುತ್ತವೆ. ಜಜ್ಜಿದ ಎಳೆಯು ಮರಳಿ ತನ್ನ ಅಳತೆಗೆ ಬಾರದಾದುದರಿಂದ ಮುಂದಿನ ಬೇಸಗೆಯಲ್ಲಿ ಮೆತ್ತಿನ ಪಕ್ಕದಲ್ಲಿಯೇ ಹೊಸ ಸೀಳು ತೆರೆಯುತ್ತದೆ. ಅದನ್ನೂ ತುಂಬಿದರೆ ವರ್ಷೇ ವರ್ಷೇ ಬಿರುಕು ಬೆಳೆಯುವುದೇ ಹೊರತು ಮುಗಿಯುವುದಿಲ್ಲ.

ಮೊದಲು ಮಾಡತಕ್ಕದ್ದು ಅಳೆಯುವುದು. ಬಿರುಕಿನ ಇಕ್ಕೆಲಗಳಲ್ಲಿ ಕಣ್ಣಿಗೆ ಬೀಳದ ಕಡೆ ಸಣ್ಣ ಗುರುತು ಮಾಡಿ, ಒಂದು ವರ್ಷದ ವರೆಗೆ ಮಾಸಕ್ಕೊಮ್ಮೆ ಅವುಗಳ ನಡುವಣ ದೂರವನ್ನು ಬರೆದಿಡಬೇಕು. ಕಾಲಕ್ಕೆ ತಕ್ಕಂತೆ ತೆರೆದು ಮುಚ್ಚುವ ಬಿರುಕು ಹಲಗೆಗೆ ಉಸಿರಾಟದ ಸಂದಿಯಾಗಿದೆ. ಅದನ್ನು ಹಾಗೆಯೇ ಬಿಡುವುದೇ ಉಪಚಾರ. ಭಾರವನ್ನು ಹೊರುವ ಭಾಗದಲ್ಲಿ ಸೀಳು ಬಂದಿದ್ದರೆ ಮಾತ್ರ ಕೈಹಾಕಬೇಕು. ಆಗ ಅದೇ ಜಾತಿಯ ಮರದ ತೆಳು ಪಟ್ಟಿಯನ್ನು, ಎಳೆಯು ಎಳೆಗೆ ಸಮಾನಾಂತರವಾಗುವಂತೆ, ಬಿರುಕು ಕಿರಿದಾಗಿರುವ ಮಳೆಗಾಲದಲ್ಲಿ ಕೂಡಿಸಿ, ಒಂದೇ ಪಕ್ಕಕ್ಕೆ ಅಂಟಿಸಬೇಕು. ಅಂಟಿಗೆ ಚರ್ಮವನ್ನು ಕುದಿಸಿ ಮಾಡುವ ಸರೇಸು ಸಾಕು. ಅದು ಬಿಸಿನೀರಿಗೆ ಬಿಟ್ಟುಕೊಳ್ಳುತ್ತದೆ. ಮುಂದೆ ಬರುವವನು ನಮ್ಮ ಕೆಲಸವನ್ನು ಬಿಚ್ಚಿ ನೋಡಬಹುದು. ಬಿಚ್ಚಲಾಗದ ರಾಳದ ಅಂಟುಗಳಿಗೆ ಈ ಗುಣವಿಲ್ಲ. ಪೂಜೆಗೆ ಸೇರದ ಕಿರುಗೆತ್ತನೆಗಳಲ್ಲಿ ನೋಟಕ್ಕಾಗಿ ತುಂಬಲೇಬೇಕಾದರೆ ಜೇನುಮೇಣವು ಮೃದುವಾದುದರಿಂದ ಹಾನಿ ಮಾಡದು.

ಮೊಳೆಯ ವಿಚಾರವೂ ಇದೇ ಬಗೆಯದು. ಹಲಗೆಯ ಒಂದು ಅಂಚನ್ನು ಬಿಗಿದು, ಇನ್ನೊಂದು ಅಂಚಿನ ತೂತನ್ನು ಅಗಲದ ದಿಕ್ಕಿಗೆ ನೀಳವಾಗಿ ಕೊರೆದು ಹಿತ್ತಾಳೆಯ ತಿರುಪಿನಿಂದ ಹಿಡಿಸಿದರೆ ಮರಕ್ಕೆ ಓಡಾಡಲು ಎಡೆ ದೊರೆಯುತ್ತದೆ. ಕಬ್ಬಿಣವು ತುಕ್ಕು ಹಿಡಿದು ಉಬ್ಬಿ ತಾನೇ ಸೀಳನ್ನು ತರುತ್ತದೆ, ಮರದ ಒಗರಿನೊಡನೆ ಸೇರಿ ಕಪ್ಪು ಕಲೆಯನ್ನೂ ಮಾಡುತ್ತದೆ.

ಎಣ್ಣೆಯನ್ನು ಪೂಸಿದರೆ ಬಿರುಕು ನಿಲ್ಲುವುದೆಂಬ ವಾಡಿಕೆಯಿದೆ. ಎಣ್ಣೆಯು ತೇವದ ಸಂಚಾರವನ್ನು ತುಸು ತಡೆಗೊಳಿಸುವುದೇ ಹೊರತು ನಿಲ್ಲಿಸದು. ಅಗಸೆಯೆಣ್ಣೆಯು ಕಾಲಕ್ರಮದಲ್ಲಿ ಕಪ್ಪಾಗುತ್ತದೆ. ಒಣಗದ ಎಣ್ಣೆಗಳು ಧೂಳನ್ನು ಹಿಡಿದು ಕೆತ್ತನೆಯ ಸಂದುಗಳನ್ನು ಮುಚ್ಚುತ್ತವೆ. ಒಣಗಿದ ಮೃದುವಾದ ಕುಂಚದಿಂದ ಧೂಳನ್ನು ತೆಗೆಯುವುದು, ರಥವನ್ನು ಬಿಸಿಲು ಮಳೆಗಳಿಗೆ ಸಿಕ್ಕದಂತೆ ಗಾಳಿಯಾಡುವ ಸೂರಿನಲ್ಲಿ ನಿಲ್ಲಿಸುವುದು, ಗಾಲಿಗಳು ನೆಲದ ತೇವವನ್ನು ಹೀರದಂತೆ ಕಲ್ಲುಚಪ್ಪಡಿಯ ಮೇಲಿಡುವುದು ಇವೇ ಮುಖ್ಯ. ನೆಲಕ್ಕೆ ತಾಗಿದ ಮರಕ್ಕೆ ಗೆದ್ದಲು ಬರುವುದು ತಡವಾಗದು. ಕೆತ್ತನೆಯ ಕೆಳಗೆ ಹೊಸದಾಗಿ ಹಿಟ್ಟಿನಂಥ ಪುಡಿ ಬಿದ್ದಿದ್ದರೆ ಕುಟ್ಟೆಹುಳು ಒಳಗಿದೆಯೆಂದು ತಿಳಿಯಬೇಕು. ಅದು ಹೊರಭಾಗದ ಬಿಳಿಮರವನ್ನು ಬೇಗ ಹಿಡಿಯುತ್ತದೆ, ತೇಗದ ಚೇಗಿಗೆ ಸುಲಭವಾಗಿ ಬರುವುದಿಲ್ಲ. ಆದುದರಿಂದ ಹೊಸ ಹಲಗೆಯನ್ನು ಆರಿಸುವಾಗ ಬಿಳಿಮರವನ್ನು ಕೊಯ್ದು ತೆಗೆಯುವ ಹಳೆಯ ಬಡಗಿಗಳ ಪದ್ಧತಿಯನ್ನು ಬಿಡಬಾರದು.

ಭಿನ್ನವಾದುದು ಪೂಜಾರ್ಹವಲ್ಲವೆಂಬ ಕಾರಣದಿಂದ ಹಳೆಯ ಹಲಗೆಯನ್ನು ಕಳಚಲೇಬೇಕಾದಲ್ಲಿಯೂ ಅದನ್ನು ಸುಡುವ ಅಗತ್ಯವಿಲ್ಲ. ಬಣ್ಣದ ಪದರಗಳನ್ನು ಕೆರೆಯದೆ, ಹಿಂಬದಿಯನ್ನು ಹತ್ತರಿಯಿಂದ ಸಮಮಾಡದೆ, ರಥದಲ್ಲಿ ಅದು ಎಲ್ಲಿತ್ತೆಂಬುದನ್ನು ಬರೆದು ದೇವಾಲಯದ ಒಣ ಕೋಣೆಯಲ್ಲಿ ಮಲಗಿಸಿಟ್ಟರೆ ಸಾಕು. ಬಡಗಿಯು ಕೂಡಿಸುವಾಗ ಮಾಡಿಕೊಂಡ ಗುರುತುಗಳೂ, ದಾನಿಯ ಹೆಸರೂ ಇರುವುದಾದರೆ ಹಿಂಬದಿಯಲ್ಲಿಯೇ.